ಇಪ್ಪತ್ತನಾಲ್ಕರ ರಾತ್ರಿ ಇಲ್ಲಿ ಮಲಗಿದ್ದವರು

ಕೊರಳಲ್ಲಿ ಗುರುತಿನ ಚೀಟಿ, ಜೇಬಲ್ಲಿ ಸೀಮೆಸುಣ್ಣ,
ಎದೆಗವಚಿದ ಟ್ಯಾಬ್ಲೆಟ್ಟಿನಲ್ಲಿ ನೂರಾಹನ್ನೆರಡು ಮನೆ.
ಮುಂದೆ ಟಾರ್ಚು ಹಿಡಿದು ಓಣಿಯ ಹಿರಿಯ ನ್ಯಾಕುಂಡಿ,
ಹಿಂದೆ ನಾನು, ಮುಥೇವು, ಮೂರನೇ ಕ್ಲಾಸಿನ ಮೇಡಮ್ಮು.
ಮುಕುರುವಿನ ಚರಂಡಿ ದಾಟಿ ದಾಟಿ
ನೈರೋಬಿ ಕೌಂಟಿಯನ್ನು ಎಣಿಸುತ್ತ ಹೊರಟೆವು.

ಭೂಪಟದಲ್ಲಿ ನೋಡಿದರೆ ಕೌಂಟಿ
ಮಲಗಿ ಮೆಲುಕು ಹಾಕುವ ಹಸು.
ಮೂತಿ ಪಡುವಣಕ್ಕೆ, ಗಡಿಯಾಚೆಯ
ಎನ್ಗಾಂಗ್ ಬೆಟ್ಟದ ಗೆಣ್ಣುಗಳ ಕಡೆ;
ಬೆನ್ನ ಮೇಲೆ ಕರೂರಾ ಕಾಡು; ಹಿಂಗಾಲು
ಅಥಿ ಬಯಲಿನ ಧೂಳಲ್ಲಿ.
ಹೊಟ್ಟೆಯ ಕೆಳಗೆ ತಂತಿಬೇಲಿ, ಬೇಲಿಯಾಚೆ ಸಿಂಹ.
ಅದೂ ಇಲ್ಲಿಯದೇ ನಿವಾಸಿ,
ನನ್ನ ನಮೂನೆಯಲ್ಲಿ ಮಾತ್ರ ಅದಕ್ಕೆ ಕಾಲಂ ಇಲ್ಲ.

ಹಸುವೆಂದದ್ದು ಸುಮ್ಮನಲ್ಲ.
ಹೆಸರಿಟ್ಟವರು ಮಾಸಾಯಿಗಳು, ದನ ನೀರಿಗಿಳಿಸಿದವರು:
ತಣ್ಣೀರ ತಾವು.
ಆಮೇಲೆ ಮೊಂಬಾಸಾದಿಂದ ಹಳಿ ಹಾಸುತ್ತ ಬಂದವರು
ಮುನ್ನೂರ ಇಪ್ಪತ್ತೇಳನೆಯ ಮೈಲಿಗೆ
ಜೌಗಿನ ಮೇಲೆ ಗುಡಾರ ಹೂಡಿದರು.
ಮುಂದೆ ಏರು. ಅದಕ್ಕೇ ನಿಂತರು.
ಊರು ಹುಟ್ಟಿದ್ದು ಹೀಗೆ, ಎಂಜಿನ್ನು ಏದುಸಿರು ಬಿಟ್ಟಲ್ಲಿ.

ಎತ್ತರದ ತಂಪು ಒಬ್ಬರಿಗೆ,
ನಡುವಿನ ಅಂಗಡಿ ಇನ್ನೊಬ್ಬರಿಗೆ,
ಕರಿಮಣ್ಣಿನ ತಗ್ಗು ನಮಗೆ.
ಮಳೆ ಹೊಯ್ದರೆ ಇವತ್ತಿಗೂ ಆ ನಕ್ಷೆ
ನೀರಲ್ಲಿ ಎದ್ದು ಕಾಣುತ್ತದೆ.

ನನ್ನಜ್ಜನೂ ಕೊರಳಲ್ಲಿ ಚೀಟಿ ಹೊತ್ತವನು,
ಲೋಹದ ಡಬ್ಬಿಯೊಳಗೆ ಹೆಬ್ಬೆಟ್ಟು, ಧಣಿಯ ಹೆಸರು.
ಅದಿಲ್ಲದೆ ಬೀದಿಗಿಳಿದರೆ ಜೈಲು.
ಅದಕ್ಕೂ ಮೊದಲು ಎಣಿಸಿದ್ದು ಜನರನ್ನಲ್ಲ, ಗುಡಿಸಲನ್ನು,
ಕಂದಾಯಕ್ಕೆ.
ನನ್ನ ಚೀಟಿಯನ್ನು ಸ್ವೆಟರಿನೊಳಕ್ಕೆ ತಳ್ಳಿಕೊಂಡೆ.

ಹದಿನೇಳನೆಯ ಬಾಗಿಲು. ನೆಕೇಸಾ.
"ಈ ರಾತ್ರಿ ಇಲ್ಲಿ ಮಲಗುವವರು?"
"ನಾನು, ಮೂವರು ಮಕ್ಕಳು, ಚಳಿ."
"ಗಂಡ?"
"ಮುಥೈಗಾದಲ್ಲಿ ಯಾರದೋ ನಿದ್ದೆ ಕಾಯುತ್ತಾನೆ."
ಹನ್ನೊಂದು ಕೋಣೆಯ ಆ ಬಂಗಲೆಯ ಗೇಟಿನಲ್ಲಿ
ನನ್ನಂಥವಳೇ ಒಬ್ಬಳು ಅವನನ್ನು ಬರೆದುಕೊಂಡಾಳು:
ಮಕೊಖಾ, ನಲವತ್ತೊಂದು,
ಎಚ್ಚರ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇಲ್ಲಿ ಅದು ತಿರುಗುಮುರುಗು:
ಹತ್ತು ವರ್ಷಕ್ಕೊಂದು ರಾತ್ರಿ ಲೆಕ್ಕಕ್ಕುಂಟು,
ಮಿಕ್ಕ ದಿನ ನಲ್ಲಿಗಿಲ್ಲ, ದೀಪಕ್ಕಿಲ್ಲ.

ಮನೆ ಮುಗಿದ ಮೇಲೆ ಬಾಗಿಲ ತಗಡಿನ ಮೇಲೆ
ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯಬೇಕು, ಅದು ನಿಯಮ.
ಮಾಮಾ ಕೆಮುಂಟೊ ನನ್ನ ಮಣಿಕಟ್ಟು ಹಿಡಿದಳು.
"ಹೋದ ಸಲವೂ ಬರೆದರು. ಕೆಂಪಲ್ಲಿ, ಬರೀ ಇಂಟು ಮಾರ್ಕು.
ಹದಿನೈದು ದಿನಕ್ಕೆ ಬುಲ್ಡೋಜರು ಬಂತು, ರಸ್ತೆಗಂತೆ."
"ಇದು ಬಿಳಿ, ಮಾಮಾ. ಇದು ಎಣಿಸುವುದಕ್ಕೆ."
"ಅವರೂ ಎಣಿಸಿಯೇ ಕೆಡವಿದ್ದು."

ನ್ಯಾಕುಂಡಿ ಟಾರ್ಚನ್ನು ಬೇರೆ ಕಡೆ ತಿರುಗಿಸಿದ.
ಆ ಕತ್ತಲಲ್ಲಿ ಬಾಗಿಲನ್ನು ಒಳಕ್ಕೆ ತಳ್ಳಿ
ಹಿಂಬದಿಯಲ್ಲಿ ಬರೆದೆ, ಕ್ಯಾಲೆಂಡರಿನ ಕೆಳಗೆ,
ಮೊಮ್ಮಗಳ ಎತ್ತರ ಗುರುತು ಹಾಕಿದ ಗೆರೆಗಳ ಪಕ್ಕ:
೦೪೩.
ಅವಳು ಬಗ್ಗಿ ನೋಡಿದಳು.
"ನಾಕು ಓರೆಯಾಗಿದೆ, ಮೇಡಂ," ಅಂದಳು.

ಸುಣ್ಣ ಅಳಿಸಿ ಎಷ್ಟೋ ದಿನದ ಮೇಲೆ ರೇಡಿಯೋ ಹೇಳಿತು,
ಕ್ಲಾಸಿನಲ್ಲಿ ಮಗ್ಗಿ ನಡೆಯುತ್ತಿತ್ತು:
ನಲವತ್ತಮೂರು ಲಕ್ಷದ
ತೊಂಬತ್ತೇಳು ಸಾವಿರದ
ಎಪ್ಪತ್ತಮೂರು.
ಮೊದಲಿನ ಲಕ್ಷಗಳು ಯಾರೋ, ನನಗೆ ತಿಳಿಯದು.
ಕೊನೆಯ ಆ ಮೂರು
ನೆಕೇಸಾಳ ಮಕ್ಕಳು.
ಒಂದೇ ಕಂಬಳಿಯಲ್ಲಿದ್ದರು, ಕಾಲೆಣಿಸಿ ಬರೆದುಕೊಂಡೆ.