ನೋಡಿದವರ ಲೆಕ್ಕ

ಬಳ್ಳಾರಿಯ ದೊಡ್ಡಾಸ್ಪತ್ರೆ, ಎಕ್ಸ್‌ರೇ ವಿಭಾಗದ ಹಿಂದಿನ ಕೋಣೆ.
ಏಪ್ರಿಲ್. ಯಂತ್ರಕ್ಕೆ ಏಸಿ, ನನಗೆ ಫ್ಯಾನು.
ಗೈಡು ಹಚ್ಚಿದ ಕೆಲಸ ಇಷ್ಟು:
ಉರಿಯುವ ಕೀಲುಗಳ ಒಳಗನ್ನು ಚಿತ್ರ ತೆಗೆದು
ಲೋಕದ ವೈದ್ಯರು ಬರೆದ ಆರುನೂರ ಹನ್ನೆರಡು ಲೇಖನ.
ಓದಬೇಕಿಲ್ಲ.
ಅವುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ
ಎಷ್ಟು ಮಂದಿ ಬಾಯಿಬಿಟ್ಟರು,
ಅದನ್ನು ಎಣಿಸಬೇಕು.

ಒಂದೊಂದು ಲೇಖನದ ಪಕ್ಕಕ್ಕೂ ಒಂದು ಬಣ್ಣದ ಬಳೆ,
ಬಳೆಯ ನಡುವೆ ಅಂಕಿ.
ಚುಟುಕು ಮಾತಿಗೆ ನೀಲಿ, ಪತ್ರಿಕೆಯ ಸುದ್ದಿಗೆ ಕೆಂಪು,
ಯಾರೂ ಉಸಿರೆತ್ತದಿದ್ದರೆ ಬೂದು.
ಮುನ್ನೂರು ಚಿಲ್ಲರೆ ಬೂದು ಬಳೆ ನನ್ನ ಹಾಳೆಯಲ್ಲಿ.
ಎಲ್ಲಕ್ಕೂ ಮೇಲೆ ಯಾವುದೋ ದೇಶದ
ಟೆನಿಸ್ ಆಟಗಾರ್ತಿಯ ಮಣಿಕಟ್ಟು.
ಅದನ್ನು ಹೊಗಳಿದವರಲ್ಲಿ ಅರ್ಧ ಮನುಷ್ಯರೇ ಅಲ್ಲ,
ಒಂದೇ ಸಾಲು ಒದರುವ ಯಂತ್ರಗಳು.
ಅವನ್ನೂ ಸೇರಿಸು, ಅಡಿಟಿಪ್ಪಣಿ ಹಾಕಿದರಾಯಿತು,
ಅಂದರು ಗೈಡು.

ಹನ್ನೊಂದೂವರೆಗೆ ಮಾಬುನ್ನಿ ಬಂದಳು,
ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವವಳು.
ಬೆಳಿಗ್ಗೇನೇ ಬರಬೇಕಿತ್ತಲ್ಲ ಅಂದೆ.
'ಹತ್ತರತನಕ ಬೆರಳು ಬಿಚ್ಚಂಗಿಲ್ರಿ ಸಾರ್,
ಬಿಸಿನೀರಾಗ ಇಟ್ಟು ಬೇಡ್ಕೋಬೇಕು.'
ಕೈ ಚಾಚಿದಳು.
ಉಗುರಿನ ಸಂದಿಯಲ್ಲಿ ಬಟ್ಟೆಯ ನೀಲಿ,
ಬಾತ ಮಣಿಕಟ್ಟಿನಲ್ಲಿ ಐದು ಗಾಜಿನ ಬಳೆ,
ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ.
ಸೋಪು ಹಚ್ಚಿ ನೋಡಿದೆವು. ಆಮೇಲೆ ಎಣ್ಣೆ.
ಕೊನೆಗೆ ಸಿಸ್ಟರ್ ಹುಲಿಗೆಮ್ಮ ಬಟ್ಟೆ ಸುತ್ತಿ, ಇಕ್ಕಳ ಹಿಡಿದು
ಒಂದೊಂದಾಗಿ ಒಡೆದಳು.
ಸ್ಟೀಲಿನ ಟ್ರೇಯಲ್ಲಿ ಹಸಿರು ಚೂರು.
ಮಾಬುನ್ನಿ ಬೇರೆ ಕಡೆ ನೋಡುತ್ತಿದ್ದಳು.

ತಣ್ಣನೆಯ ಜೆಲ್ಲು. ಶಬ್ದದಲೆ ಹಾಯಿಸಿದೆ.
ಕಪ್ಪು ಪರದೆಯಲ್ಲಿ ಎಲುಬಿನ ಬಿಳಿ ದಂಡೆ,
ದಂಡೆಗೆ ಹತ್ತಿ ರಕ್ತ
ಮಿನುಗಿತು, ಆರಿತು, ಮತ್ತೆ ಮಿನುಗಿತು,
ತೋರಣಗಲ್ಲಿನ ರಾತ್ರಿ ಕುಲುಮೆಯ ಬಾಗಿಲು ತೆರೆದ ಹಾಗೆ.
'ಇದೇ ಉರಿ. ಮೂರಕ್ಕೆ ಮೂರು,' ಅಂದೆ.
'ಹಂಗಾರ ಪಾಸು,' ಅಂದಳು.

ಅಷ್ಟರಲ್ಲಿ ಅವಳ ಕಣ್ಣು ನನ್ನ ಕಂಪ್ಯೂಟರಿನ ಮೇಲೆ.
'ಇದೇನ್ರಿ, ಬಳಿ ಅಂಗಡಿ ಇಟ್ಟೀರಿ?'
ತಿಳಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು
'ನೋಡಿದೋರು ಏನಂದ್ರು?' ಅಂದಳು.
ಅದಕ್ಕೊಂದು ಕಾಲಮ್ಮು
ನಾನು ಹಾಕಿಕೊಂಡಿರಲಿಲ್ಲ.
'ನಂದೂ ಹಂಗ. ದಿನಕ್ಕ ಇನ್ನೂರ ಎಂಬತ್ತು ಜೇಬು,
ಎಣಿಸಿ ಕೊಡದಷ್ಟ.
ಅದರಾಗ ಯಾರು ಕೈ ಇಡ್ತಾರೋ, ಏನ್ ಇಡ್ತಾರೋ.'

ಹೋಗುವಾಗ ಪರದೆಯದೊಂದು ಫೋಟೊ ಕೇಳಿದಳು.
ಅವಳದೇ ಕೈ. ತೆಗೆದುಕೋ ಅಂದೆ.

ಮುಂದಿನ ಮಂಗಳವಾರ ಬಂದವಳು ಫೋನು ಮುಂದೆ ಹಿಡಿದಳು.
ಸ್ಟೇಟಸ್ಸಿಗೆ ಹಾಕಿದ್ದಳಂತೆ.
ಅಳಿಯುವ ಮೊದಲು ಮಗ ಸ್ಕ್ರೀನ್‌ಶಾಟ್ ಹೊಡೆದಿಟ್ಟಿದ್ದ:
ನೋಡಿದವರು ನಲವತ್ತಮೂರು.
ಸೊಟ್ಟ ಬೆರಳು ಒಂದೊಂದು ಹೆಸರಿನ ಮೇಲೂ ನಿಂತಿತು.
ಸಿರುಗುಪ್ಪದ ಅಕ್ಕ, ಲಕ್ಕಿಸೊಪ್ಪಿನ ಎಣ್ಣೆ ಕಳಿಸಿದ್ದಾಳೆ, ಬಸ್ಸಿನವನ ಕೈಲಿ.
ಗುಂಡಿ ಅಂಗಡಿಯ ವೀರಭದ್ರಿ, ಇದು ಯಾವೂರ ಬೆಂಕಿ ಅಂದಿದ್ದಾನೆ.
ಬಾಜು ಮಷೀನಿನ ಗಾದಿಲಿಂಗಮ್ಮ, ನಂಗೂ ಮುಂಜಾನೆ ಹಿಂಗ, ಎಲ್ಲಿ ತೋರಿಸ್ದಿ?
ಮಾಲೀಕ.
ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ನೋಡಿದ್ದಾನೆ.
ಏನೂ ಅಂದಿಲ್ಲ.
ಮರುದಿನ ಅವಳ ಮಷೀನಿನ ಮುಂದೆ ಬೇರೆ ಹುಡುಗಿ,
ಇವಳಿಗೆ ದಾರದ ತುದಿ ಕತ್ತರಿಸುವ ಕೆಲಸ,
ಕೂಲಿ ಅರ್ಧ.

'ಹಾಕಬಾರದಿತ್ತೇನ್ರಿ?'

ಗುಳಿಗೆ ವಾರಕ್ಕೊಮ್ಮೆ ಮಾತ್ರ, ದಿನಾ ನುಂಗಬೇಡ,
ಅಂತ ಎರಡು ಸಲ ಹೇಳಿದೆ.
ಕಂಪ್ಯೂಟರಿನಲ್ಲಿ ಬೂದು ಬಳೆಗಳು
ನಿನ್ನೆಯಂತೆಯೇ ಇದ್ದವು.
'ಮುಂದಿನವರು,' ಅಂತ ಹುಲಿಗೆಮ್ಮ ಕೂಗಿದಳು.
ಬೆಂಚಿನಿಂದ ಗಾದಿಲಿಂಗಮ್ಮ ಎದ್ದಳು,
ಎರಡೂ ಕೈ ಬೋಳು.
ಬಳೆಗಳನ್ನು ಮನೆಯಲ್ಲೇ ಬಿಚ್ಚಿ
ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದಳು.