ಐದಕ್ಕೂ ಆರಕ್ಕೂ ನಡುವೆ

ಗ್ಲ್ದಾನಿಯ ಈ ಹಳೇ ಕಟ್ಟಡದ ಲಿಫ್ಟು
ಕಾಸು ನುಂಗದೆ ಮೇಲೇಳುವುದಿಲ್ಲ.
ಏರಲು ಹತ್ತು ತೆತ್ರಿ, ಇಳಿಯಲು ಬಿಟ್ಟಿ.
ಹಾಗಾಗಿ ಬಾಗಿಲ ಪಕ್ಕ ಸ್ಟೂಲು ಹಾಕಿ
ಸೂರ್ಯಕಾಂತಿ ಬೀಜ ಮಾರುವ ನನಗೆ
ಬೀಜಕ್ಕಿಂತ ಚಿಲ್ಲರೆಯದೇ ವ್ಯಾಪಾರ.

ಶನಿವಾರ ಬೆಳಗ್ಗೆ ಲಿಲೆ ಬರುತ್ತಾಳೆ.
ಎಂಟು ವರ್ಷ. ಬೆನ್ನಿಗೆ ಬ್ಯಾಗು,
ಬ್ಯಾಗಿನಲ್ಲಿ ಅರ್ಧ ಮನೆ.
ತಾಯಿ ಇರ್ಮಾ ಹಿಪ್ಪುನೇರಳೆ ಮರದ ಹತ್ತಿರವೇ
ನಿಂತುಬಿಡುತ್ತಾಳೆ, ಅಲ್ಲಿ ಯಾರೋ ಗೆರೆ ಎಳೆದಂತೆ.
ತಂದೆ ಗೇಲಾ ಹನ್ನೊಂದನೇ ಮಹಡಿಯಿಂದ ಇಳಿಯುವವನಲ್ಲ,
ಬಾಲ್ಕನಿಯಲ್ಲಿ ಅವನ ಸಿಗರೇಟಿನ ಹೊಗೆ ಮಾತ್ರ.
ನಡುವಿನ ಅಂಗಳವನ್ನು ಹುಡುಗಿ ಒಬ್ಬಳೇ ದಾಟುತ್ತಾಳೆ
ತುಂಬಿದ ಬಿಂದಿಗೆಯಂತೆ ತನ್ನನ್ನೇ ತಾನು ಹೊತ್ತು,
ತುಳುಕದಂತೆ.

ಕೋರ್ಟು ಎಲ್ಲ ಬರೆದುಕೊಟ್ಟಿದೆಯಂತೆ:
ಹೊಲಿಗೆ ಯಂತ್ರ ಅವಳಿಗೆ, ಟೀವಿ ಇವನಿಗೆ,
ಲಿಲೆ ಐದು ದಿನ ಅಲ್ಲಿ, ಎರಡು ದಿನ ಇಲ್ಲಿ.
'ಲಿಫ್ಟಿನೊಳಗೆ ಇರುವಷ್ಟು ಹೊತ್ತು
ನಾನು ಯಾರ ಲೆಕ್ಕಕ್ಕೆ?' ಅಂತ ಒಮ್ಮೆ ಕೇಳಿದಳು.
ಬೀಜ ಅಳೆಯುತ್ತಿದ್ದವಳು
ಲೋಟ ಉಕ್ಕಿಸಿಬಿಟ್ಟೆ.

ಮಾರ್ಚಿನಲ್ಲಿ ಒಂದು ದಿನ ಗಾಳಿಗೆ ಕರೆಂಟು ಹೋಯಿತು.
ಇರ್ಮಾ ಇನ್ನೂ ಮರದಡಿಯಲ್ಲೇ ಇದ್ದಳು.
ಮಗು ಮೇಲೆ ಮುಟ್ಟಿ ಕೈಬೀಸುವ ತನಕ ಕಾಯುವುದು ಅವಳ ರೂಢಿ.
ಆವತ್ತು ಗೆರೆ ದಾಟಿದಳು, ಎರಡು ವರ್ಷದ ಮೇಲೆ.
ಅವಳು ಹತ್ತಿದಳು, ಅವನು ಒಂದೇ ಚಪ್ಪಲಿಯಲ್ಲಿ ಇಳಿದ,
ಮೊಣಕಾಲಿಗೆ ಶಾಪ ಹಾಕುತ್ತ ಮೇಣದ ಬತ್ತಿ ಹಿಡಿದು ನಾನು ಹಿಂದೆ.

ನಮ್ಮ ಭಾಷೆಯಲ್ಲಿ ಅಮ್ಮ ಅಂದರೆ ದೇದಾ,
ಅಪ್ಪ ಅಂದರೆ ಮಾಮಾ.
ಐದಕ್ಕೂ ಆರಕ್ಕೂ ನಡುವೆ, ಕಬ್ಬಿಣದ ಬಾಗಿಲಾಚೆಯಿಂದ
ಅವಳು ಒಂದೇ ಉಸಿರಿಗೆ ಕೂಗುತ್ತಿದ್ದಳು:
ದೇದಾಮಾಮಾದೇದಾಮಾಮಾ.
ಯಾರನ್ನು ಮೊದಲು ಕರೆದಳೆಂದು
ಹೊರಗೆ ಇಬ್ಬರಿಗೂ ಜಗಳ.
ಆಮೇಲೆ ತೆಳು ಕೋಟು ಹಾಕಿ ಕಳಿಸಿದ್ದಕ್ಕೆ.
ಆಮೇಲೆ ಯಾವುದೋ ಹಳೇ ಹೊಸ ವರ್ಷದ ರಾತ್ರಿಗೆ.
ಆಮೇಲೆ ಬತ್ತಿಯೂ ಮುಗಿಯಿತು, ಮಾತೂ.

ಕತ್ತಲಲ್ಲಿ ಗೇಲಾ ಬಾಗಿಲಿಗೆ ಹಣೆ ಕೊಟ್ಟು
'ಉಸಿರು ಎಳೆದುಕೋ' ಅಂದ.
ಇರ್ಮಾ 'ಈಗ ಬಿಡು' ಅಂದಳು.
ಎಳೆದುಕೋ. ಬಿಡು.
ಎಳೆದುಕೋ. ಬಿಡು.
ನನಗೇ ಗೊತ್ತಿಲ್ಲದೆ ನಾನೂ ಹಾಗೇ ಉಸಿರಾಡುತ್ತಿದ್ದೆ.

ಮುಕ್ಕಾಲು ಗಂಟೆಗೆ ದೀಪ ಬಂತು.
ಲಿಫ್ಟು ಗುಡುಗಿ, ಇಬ್ಬರನ್ನೂ ಅಲ್ಲೇ ಬಿಟ್ಟು,
ಹುಡುಗಿಯನ್ನು ಹೊತ್ತು ಹನ್ನೊಂದಕ್ಕೆ ಹೋಯಿತು.
ಅವನು ಮೇಲಕ್ಕೆ ಓಡಿದ.
ಅವಳು ಸ್ವಲ್ಪ ನಿಂತು
ಕೆಳಗಿಳಿದಳು.

ಮುಂದಿನ ಶನಿವಾರ ಲಿಲೆ ಕಾಸನ್ನು ಮುಷ್ಟಿಯಲ್ಲಿಟ್ಟುಕೊಂಡೇ ಕೇಳಿದಳು:
'ನಾಜಿಬ್ರೋಲಾ ಅಜ್ಜಿ, ಮತ್ತೆ ಕರೆಂಟು ಯಾವಾಗ ಹೋಗುತ್ತೆ?'
'ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ, ಚಿನ್ನ' ಅಂದೆ.
ಲಿಫ್ಟನ್ನು ನೋಡಿದಳು. ನನ್ನ ಬುಟ್ಟಿಯನ್ನು ನೋಡಿದಳು.
ಹತ್ತು ತೆತ್ರಿಗೆ ಅರ್ಧ ಲೋಟ ಬೀಜ ಕೊಂಡು
ಮೆಟ್ಟಿಲು ಹಿಡಿದಳು.

ಈಗ ಆರನೆಯ ಮಹಡಿಯವರ ದೂರು:
ಅರ್ಧ ದಾರಿಯ ಮೆಟ್ಟಿಲ ಮೇಲೆ ಯಾರೋ ಕೂತು
ಬೀಜ ಕಡಿದು ಸಿಪ್ಪೆ ಉಗಿಯುತ್ತಾರಂತೆ, ಗಂಟೆಗಟ್ಟಲೆ.
ಸಿಪ್ಪೆ ನನ್ನ ಅಂಗಡಿಯದು, ನಾನೇ ಗುಡಿಸುತ್ತೇನೆ ಅಂದಿದ್ದೇನೆ.
ಆದರೆ ಸೋಮವಾರ.
ಭಾನುವಾರ ಸಂಜೆ ಆಗುವುದಿಲ್ಲ.
ಹುಡುಗಿ ವಾಪಸು ಬರುವಾಗಲೂ ನಡೆದೇ ಬರುತ್ತಾಳೆ,
ಇಳಿಯಲು ಬಿಟ್ಟಿಯಾದರೂ.