ಕಾಲು ತೂಕ

ಕಾಳಾಚಾರ್ರ ತಕ್ಕಡಿ ಕಡ ಕೇಳಲು ಹೋದೆ,
ಮೂಗುಬೊಟ್ಟು ತೂಗುವಂಥದ್ದು.
‘ಏನವ್ವಾ ತೂಗೋದು?’
‘ಕಾಲು.’
‘ಕಾಲು ಗ್ರಾಮೋ, ಕಾಲು ತೊಲವೋ?’
‘ಟರ್ಕಿ ಕಾಲು, ಆಚಾರ್ರೇ.’
ಊದುಗೊಳವೆ ಬಾಯಿಂದ ತೆಗೆದು ನಕ್ಕರು.

ಹೋದ ಸಲ ಹದಿನೇಳು ಮರಿ.
ಮೂರನೇ ವಾರಕ್ಕೆ ಗಿಣ್ಣಿನ ಹಿಂದಿನ ನರ ಜಾರಿ
ಕಾಲು ಪಕ್ಕಕ್ಕೆ ಹೊರಳಿ,
ಮೇವಿನ ತೊಟ್ಟಿ ಎರಡೇ ಗೇಣು ದೂರ,
ಎದೆಯ ಮೇಲೆ ತೆವಳಿ ತೆವಳಿ, ತಲುಪದೆ.
ಜಾವಗಲ್ಲಿನ ಮುಸುಕಿನಜೋಳ ಬೇಕಾದಷ್ಟಿತ್ತು,
ಹಿಂಡಿ ಇತ್ತು.
ಹೊಟ್ಟೆಗೆ ನಾನೇನೂ ಕಮ್ಮಿ ಮಾಡಿರಲಿಲ್ಲ.

ಡಾಕ್ಟರ್ ರಜಿಯಾ ಒಂದು ಮರಿಯ ಕಾಲು ಹಿಡಿದು
ಹೆಬ್ಬೆರಳಲ್ಲಿ ಸವರಿ,
‘ಹಸಿವಲ್ಲ ಇದು’ ಅಂದರು. ‘ಮ್ಯಾಂಗನೀಸ್, ಬಯೋಟಿನ್.
ನಾಟಿಕೋಳಿ ತಿಪ್ಪೆ ಕೆದರಿ ಹುಡುಕ್ಕೊಳ್ಳುತ್ತೆ.
ಕೂಡಿಹಾಕಿದ ಇವಕ್ಕೆ ನೀನೇ ತಿಪ್ಪೆ.’

ನಗಬೇಕಾದ ಮಾತು.
ಜಗುಲಿಯ ಕಂಬ ಹಿಡಿದು ಹೊನ್ನತ್ತೆ ನಿಂತಿದ್ದಳು,
ಎರಡು ಮಂಡಿಯ ನಡುವೆ ಕೊಡ ತೂರುವಷ್ಟು ಜಾಗ.
ಹಳೇ ಬೋರಿನ ನೀರು ಕುಡಿದ ಕಾಲು.
ಫ್ಲೋರೈಡ್ ಇದೆ, ಕುಡಿಯಬೇಡಿ ಅಂತ ಹಲಗೆ ನೆಡುವ ಹೊತ್ತಿಗೆ
ಮೂವತ್ತು ವರ್ಷ ಕುಡಿದಾಗಿತ್ತು.

ಅಲ್ಲಿ ಚೂರು ಹೆಚ್ಚಾಗಿ. ಇಲ್ಲಿ ಚೂರು ಕಮ್ಮಿಯಾಗಿ.
ಡೊಂಕು ಮಾತ್ರ ಒಂದೇ ಥರ.

ಈಗ ಭಾನುವಾರ ಭಾನುವಾರ ಬೆರೆಸುತ್ತೇನೆ.
ನೂರು ಕೆಜಿಗೆ ಪೊಟ್ಟಣದ ಖನಿಜ ಕಾಲು ಕೆಜಿ,
ಬಯೋಟಿನ್ ಪುಡಿ ಒಂದೂವರೆ ಗ್ರಾಂ, ಉಸಿರು ಬಿಗಿಹಿಡಿದು.
ಮೊದಲು ಒಂದು ಬೊಗಸೆ ನುಚ್ಚಿಗೆ,
ಬೊಗಸೆಯದ್ದು ಮೊರಕ್ಕೆ, ಮೊರದ್ದು ಟಾರ್ಪಾಲಿಗೆ;
ಒಂದೇ ಸಲ ಸುರಿದರೆ ಒಂದು ಮರಿಗೇ ಎಲ್ಲ,
ಉಳಿದವಕ್ಕೆ ಬರೀ ಜೋಳ.
ಸಲಿಕೆ ಹೊರಳಿಸುವುದು ನಾನು, ಎಣಿಸುವುದು ಹೊನ್ನತ್ತೆ.
ಮೂವತ್ತಾದ ಮೇಲೂ ‘ಇನ್ನೊಂದು’ ಅನ್ನುತ್ತಾಳೆ.
ಬೆರೆತದ್ದು ಕಣ್ಣಿಗೆ ಕಾಣುವುದಿಲ್ಲ,
ರಾಶಿ ಮೊದಲಿನಷ್ಟೇ ಹಳದಿ.

‘ಹೆಚ್ಚೇನೂ ಹಾಕಿಲ್ಲ ತಾನೇ?’
ಪ್ರತಿಸಲ ಕೇಳುತ್ತಾಳೆ.
ಪ್ರತಿಸಲ ತಕ್ಕಡಿ ಎತ್ತಿ ತೋರಿಸುತ್ತೇನೆ.

ಆರನೇ ವಾರ. ಐವತ್ತೆರಡು ಮರಿ.
ಅದರಲ್ಲೊಂದು ಹುಂಜ, ನೆತ್ತಿ ಕೆಂಪೇರುವ ಮೊದಲೇ
ಬಾಲ ಬಿಚ್ಚಲು ನೋಡಿ, ಮುಗ್ಗರಿಸಿ, ಎದ್ದು,
ಅಂಗಳ ದಾಟಿ ಬಂದು
ಕೋಲೂರಿ ನಿಂತ ಅತ್ತೆಯ
ಮಂಡಿಗಳ ನಡುವಿನ ಆ ಜಾಗದಲ್ಲಿ
ತೂರಿ ಆಚೆ ಹೋಯಿತು.

‘ಎಷ್ಟು ನೆಟ್ಟಗೆ ನಡೀತದೆ ನೋಡು, ಮುಂಡೇದು’ ಅಂದಳು.

ಆಚಾರ್ರ ತಕ್ಕಡಿ ಇನ್ನೂ ವಾಪಸು ಕೊಟ್ಟಿಲ್ಲ.